ಉಳದ ಮಣ್ಣು, ಉಳಿದ ಮಣ್ಣು

ತಪ್ಪು ಕಂಡರೆ ತಿದ್ದದೆ ಬಿಡುವ ಆಸಾಮಿಯಲ್ಲ ನಮ್ಮ ತಿದ್ದಪ್ಪನವರು. ಮುದ್ರಣಾಲಯದಲ್ಲಿ ಕೂತು ನಲವತ್ತು ವರ್ಷ ಕರಡು ತಿದ್ದಿದವರು. ಮುದ್ರಣಾಲಯಕ್ಕೆ ಬೀಗ ಬಿತ್ತು, ಕೆಂಪು ಪೆನ್ನು ಮಾತ್ರ ಜೇಬಿನಲ್ಲೇ ಉಳಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವರದು ಹುಟ್ಟುಗುಣವಲ್ಲ, ಸಂಬಳ ತೆಗೆದುಕೊಂಡು ಬೆಳೆಸಿಕೊಂಡ ಗುಣ. ಅದು ಇನ್ನೂ ಗಟ್ಟಿ.

ಹೆಂಡತಿ ಅಂಗಡಿಯ ಚೀಟಿಯಲ್ಲಿ 'ಬೆಂಕಿಪಟ್ಟಣ' ಎಂದು ಬರೆದರೆ, ಇವರು 'ಪೊಟ್ಟಣ' ಎಂದು ತಿದ್ದಿ, "ಪಟ್ಟಣ ಅಂದ್ರೆ ಊರು ಕಣೇ, ಬೆಂಕಿ ಬಿದ್ದ ಊರನ್ನ ಅಂಗಡಿಯವನು ಎಲ್ಲಿಂದ ತಂದುಕೊಡ್ತಾನೆ?" ಎನ್ನುವರು. ಕ್ಷೌರದ ಅಂಗಡಿಯ ಹಲಗೆಯಲ್ಲಿ 'ಕ್ಷವರ' ಎಂದಿದ್ದುದನ್ನು, ಕತ್ತಿ ಕುತ್ತಿಗೆಯ ಮೇಲಿರುವಾಗಲೇ ಕ್ಷೌರಿಕನಿಗೆ ತಿಳಿಹೇಳಿದ್ದರು. ಆ ದಿನ ಅವರು ಅರ್ಧ ಮೀಸೆಯಲ್ಲಿ ಮನೆಗೆ ಬಂದರು.

"ಇವರು ಮನೇಲಿ ಕೂತ್ರೆ ನನ್ನ ಉಸಿರಾಟಕ್ಕೂ ಅಲ್ಪವಿರಾಮ ಹಾಕ್ತಾರೆ," ಎಂದು ಹೆಂಡತಿ ಸೊಸೆಯ ಹತ್ತಿರ ಗೋಗರೆದರು. "ಎಲ್ಲಾದ್ರೂ ಕರ್ಕೊಂಡು ಹೋಗಮ್ಮ, ನಿಂಗೆ ಪುಣ್ಯ ಬರುತ್ತೆ."

ಸೊಸೆ ಊರಾಚೆಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡುವಾಕೆ. ಕಡಿಮೆ ಮಾತು, ಚೊಕ್ಕ ಕೆಲಸ. ಮನೆಯಲ್ಲಿ ತಿದ್ದಪ್ಪನವರ ತಿದ್ದುಪಡಿಗೆ ನಗದೆ, ಮುಖ ಗಂಟಿಕ್ಕದೆ, "ಹೌದಾ ಮಾವ? ಹಾಗಾದ್ರೆ ಯಾವುದು ಸರಿ?" ಎಂದು ಕೇಳುತ್ತಿದ್ದವಳು ಇವಳೊಬ್ಬಳೇ. ಆ ಒಂದು ಪ್ರಶ್ನೆಗಾಗಿ ತಿದ್ದಪ್ಪನವರಿಗೆ ಅವಳನ್ನು ಕಂಡರೆ ಮಗನಿಗಿಂತ ಒಂದು ತೂಕ ಹೆಚ್ಚೇ ಪ್ರೀತಿ. ಮಗನಿಗೂ ಇದು ಗೊತ್ತಿತ್ತು, ಪಾಪ.

"ನಮ್ಮ ಉಗ್ರಾಣದಲ್ಲಿ ಮಣ್ಣಿನ ಜಾಡಿಗಳಿವೆ ಮಾವ. ಮೇಲಿನ ಚೀಟಿಗಳೆಲ್ಲ ಮಾಸಿಹೋಗಿವೆ. ಹೊಸದಾಗಿ ಬರೆದು ಅಂಟಿಸ್ಬೇಕು. ನಿಮ್ಮಂಥ ಅಕ್ಷರ ಯಾರಿಗಿದೆ?" ಎಂದಳು. ತಿದ್ದಪ್ಪನವರು ಮರುದಿನ ಬೆಳಗ್ಗೆ ಅವಳಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

ಕೇಂದ್ರದ ಹಿಂದೆ ಒಂದು ಹೊಲ. ಅದನ್ನು ಹಗ್ಗ ಹಿಡಿದು ತುಂಡು ತುಂಡು ತಾಕುಗಳಾಗಿ ಪಾಲು ಮಾಡಿದ್ದರು. ಸೊಸೆ ಬದುವಿನ ಮೇಲೆ ನಿಂತು ವಿವರಿಸಿದಳು.

"ಈ ಕಡೆ ತಾಕುಗಳಿಗೆ ಮೂವತ್ತು ವರ್ಷದಿಂದ ಪ್ರತಿವರ್ಷ ಉಳುಮೆ ಮಾಡ್ತೀವಿ, ಒಂದು ಗೇಣು ಆಳ. ಆ ಕಡೆಯವಕ್ಕೆ ಮೂವತ್ತು ವರ್ಷದಿಂದ ಉಳುಮೇನೇ ಮಾಡಿಲ್ಲ. ಸಣ್ಣದಾಗಿ ಸೀಳು ಬಿಟ್ಟು ಬೀಜ ಹಾಕ್ತೀವಿ ಅಷ್ಟೆ. ಗೊಬ್ಬರ ಎರಡಕ್ಕೂ ಒಂದೇ ಲೆಕ್ಕ."

"ಉಳುಮೆ ಮಾಡದೆ ಬೆಳೆ ಬರುತ್ತಾ? ಕೈ ಕೆಸರಾದ್ರೆ ತಾನೆ ಬಾಯಿ ಮೊಸರು?"

"ಬರುತ್ತೆ. ಆದ್ರೆ ಒಳಗಿನ ಸಂಸಾರ ಬೇರೆ ಥರ ಆಗುತ್ತೆ. ಉಳುಮೆ ಮಾಡಿದ್ರೆ ನೇಗಿಲು ಎಲ್ಲವನ್ನೂ ಕಲಸುತ್ತೆ; ರಂಜಕ, ಪೊಟ್ಯಾಷ್ ಎಲ್ಲ ಮೇಲಿಂದ ಕೆಳಗಿನ ತನಕ ಸಮಪಾಲು. ಉಳುಮೆ ಮಾಡದಿದ್ರೆ ಹಾಕಿದ ಗೊಬ್ಬರ, ಉದುರಿದ ಎಲೆ ಎಲ್ಲ ಮೇಲಿನ ಎರಡು ಮೂರು ಅಂಗುಲದಲ್ಲೇ ಕೂತುಬಿಡುತ್ತೆ. ಮೇಲಿನ ಪದರ ಶ್ರೀಮಂತ, ಕೆಳಗಿನದು ಬಡವ. ಮೇಲೆ ಸ್ವಲ್ಪ ಹುಳಿನೂ ಜಾಸ್ತಿ."

"ಶ್ರೀಮಂತರಿಗೆ ಹುಳಿ ಜಾಸ್ತಿ ಇರೋದೇ," ಎಂದರು ತಿದ್ದಪ್ಪನವರು. ಅವರ ಅರ್ಧ ಗಮನ ಮಾತ್ರ ಅವಳ ಮಾತಿನ ಮೇಲಿತ್ತು. ಉಳಿದರ್ಧ, ಬೇಲಿಯ ಫಲಕದಲ್ಲಿದ್ದ 'ಪ್ರವೇಷವಿಲ್ಲ' ಎಂಬುದರ ಮೇಲೆ.

ಉಗ್ರಾಣದಲ್ಲಿ ಎರಡು ಕಪಾಟು. ಒಂದೊಂದರಲ್ಲಿ ಹದಿನಾಲ್ಕು ಜಾಡಿ. ಮೊದಲನೇ ವರ್ಷದ ಮಣ್ಣು, ಐದನೇ ವರ್ಷದ್ದು, ಹತ್ತನೇ ವರ್ಷದ್ದು, ಹೀಗೆ ಮೂವತ್ತರ ತನಕ. ಪ್ರತಿ ವರ್ಷಕ್ಕೂ ಮೇಲಿನ ಪದರ ಒಂದು, ಕೆಳಗಿನ ಪದರ ಒಂದು. ಒಣಗಿಸಿ, ಜರಡಿ ಹಿಡಿದು ತುಂಬಿಟ್ಟ ಪುಡಿಮಣ್ಣು.

"ಇದ್ದದ್ದನ್ನ ಇದ್ದ ಹಾಗೇ ನಕಲು ಮಾಡಿ ಮಾವ, ಸಾಕು," ಎಂದು ಹೇಳಿ ಸೊಸೆ ತನ್ನ ಕೋಣೆಗೆ ಹೋದಳು.

ಇದ್ದದ್ದನ್ನು ಇದ್ದ ಹಾಗೆ! ಬೆಕ್ಕಿಗೆ ಹಾಲು ಕಾಯಲು ಹೇಳಿದ ಹಾಗಾಯಿತು.

ಎಡಗಡೆಯ ಕಪಾಟಿನ ಜಾಡಿಗಳ ಮೇಲೆ 'ಉತ್ತ ಮಣ್ಣು' ಎಂದಿತ್ತು. ಬಲಗಡೆಯವುಗಳ ಮೇಲೆ 'ಉಳದ ಮಣ್ಣು'. ತಿದ್ದಪ್ಪನವರು ಕನ್ನಡಕ ಏರಿಸಿದರು. ಪೇಟೆಯಲ್ಲಿ ಹುಟ್ಟಿ, ಕಾಗದದ ನಡುವೆ ಬೆಳೆದ ಜೀವ. ನೇಗಿಲು ಮುಟ್ಟಿದ್ದು ಮಕ್ಕಳ ಪುಸ್ತಕದ ಚಿತ್ರದಲ್ಲಿ ಮಾತ್ರ. ಅವರ ತಲೆ ತನ್ನ ಅಭ್ಯಾಸದ ದಾರಿಯಲ್ಲೇ ಓಡಿತು. 'ಉತ್ತ' ಎಂದರೆ ಉತ್ತರ ದಿಕ್ಕಿನ ಹೊಲದ ಮಣ್ಣು; ಪದ ಚಿಕ್ಕದು ಮಾಡಿದ ಮಹಾರಾಯರು ಚುಕ್ಕಿ ಇಡುವುದನ್ನು ಮರೆತಿದ್ದಾರೆ. ಇನ್ನು 'ಉಳದ'? ಉತ್ತರದ್ದು ಬಿಟ್ಟು ಬಾಕಿ ಉಳಿದದ್ದು. ಛೆ, ಛೆ! ಹದಿನಾಲ್ಕು ಜಾಡಿಯಲ್ಲೂ ಗುಡಿಸು ಬಿಟ್ಟುಹೋಗಿದೆ. ಒಂದು ಅಕ್ಷರಕ್ಕೆ ಒಂದು ಗುಡಿಸು ಹಾಕಲು ಇವರಿಗೇನು ಬಂದಿತ್ತು ಧಾಡಿ?

ಮೂರು ದಿನ ಕೂತು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಅವರು ಇಪ್ಪತ್ತೆಂಟು ಚೀಟಿ ಬರೆದರು. ಎಡಗಡೆ ಚುಕ್ಕಿ ಇಟ್ಟು 'ಉತ್ತ. ಮಣ್ಣು', ಬಲಗಡೆ ಗುಡಿಸು ಕೊಟ್ಟು 'ಉಳಿದ ಮಣ್ಣು'. ಎರಡನೇ ಸಾಲಿನಲ್ಲಿ ವರ್ಷ ಮತ್ತು ಪದರ. ಹಳೆಯ ಚೀಟಿಗಳನ್ನು ಸುಲಿದು ಕಸದ ಬುಟ್ಟಿಗೆ ಹಾಕಿದರು. ಮನಸ್ಸಿಗೆ ಹಾಯೆನಿಸಿತು.

ಕೇಂದ್ರದಲ್ಲೊಬ್ಬ ಮಾಲಿ ಇದ್ದ. ವಯಸ್ಸು ಐವತ್ತೈದು, ಸೋಮಾರಿತನ ಅದಕ್ಕಿಂತ ಹಳೆಯದು. 'ಉಳುಮೆ ಇಲ್ಲದ ಬೇಸಾಯ ಕಂಡುಹಿಡಿದದ್ದು ಇವನನ್ನು ನೋಡಿಯೇ' ಎಂದು ಟ್ರ್ಯಾಕ್ಟರಿನವನು ಹಾಸ್ಯ ಮಾಡುತ್ತಿದ್ದ. ಕೇಂದ್ರದ ಸಾಹೇಬರು ಮೊಗಸಾಲೆಗೆ ಮೂರು ಹೂಕುಂಡ, ತಮ್ಮ ಕಿಟಕಿಗೆ ಒಂದು ಕುಂಡ ಆಗಬೇಕೆಂದು ಅವನಿಗೆ ಆಜ್ಞೆ ಮಾಡಿದ್ದರು. ಸುತ್ತ ಎಕರೆಗಟ್ಟಲೆ ಮಣ್ಣಿದೆ, ಆದರೆ ಅಗೆಯಬೇಕಲ್ಲ! ಮಾಲಿ ನೆರಳು ಹುಡುಕುತ್ತಾ ಉಗ್ರಾಣದ ಬಾಗಿಲಿಗೆ ಬಂದ. ಕಪಾಟು ನೋಡಿದ. ಅವನ ಮುಖ ಬೆಳಗಿತು.

"ಸ್ವಾಮಿ, ಇದು ಉಳಿದ ಮಣ್ಣಾ?"

ತಿದ್ದಪ್ಪನವರು ಎದೆಯುಬ್ಬಿಸಿದರು. ನಲವತ್ತು ವರ್ಷದಲ್ಲಿ ಅವರು ತಿದ್ದಿದ್ದನ್ನು ಯಾರೂ ಹೀಗೆ ಅವರೆದುರೇ ಗಟ್ಟಿಯಾಗಿ ಓದಿರಲಿಲ್ಲ. "ಏನು ಬರೆದಿದೆ, ನೀವೇ ಓದಿ."

"ಉಳಿದ ಮಣ್ಣು."

"ಹೇಗಿದೆ ಅಕ್ಷರ?"

"ಭಾರೀ ಚೆನ್ನಾಗಿದೆ. ಹಾಗಾದ್ರೆ ತಗೋಬಹುದಲ್ಲ?"

"ಉಳಿದದ್ದು ಯಾರಾದ್ರೂ ತಗೊಳ್ಳೋಕೇ ಅಲ್ವೇನಪ್ಪ," ಎಂದು ತಿದ್ದಪ್ಪನವರು ಉದಾರವಾಗಿ ಕೈಯಾಡಿಸಿ, ಕಡತವೊಂದರ ಒತ್ತಕ್ಷರಗಳ ಕಡೆ ತಿರುಗಿದರು.

ಆಮೇಲೆ ನಾಲ್ಕು ದಿನ ಎಲ್ಲವೂ ಸುಖವಾಗಿತ್ತು. ಐದನೇ ದಿನ, ಮಂಗಳವಾರ, ಸೊಸೆ ಉಗ್ರಾಣಕ್ಕೆ ಬಂದಳು. ಅವಳ ಕೈಯಲ್ಲಿ ಸಾಹೇಬರ ಪತ್ರವಿತ್ತು.

"ನೋಡಿ ಮಾವ, ಮೂವತ್ತು ವರ್ಷ ಒಂದೇ ಆಟ ಆಡಿದ್ದು ಸಾಕು, ಎಲ್ಲ ತಾಕಿಗೂ ನೇಗಿಲು ಹಾಕಿ ಅಂತಿದ್ದಾರೆ. ಮೇಲೆ ರಂಜಕ ಜಾಸ್ತಿ ಇರೋದು ಉಳುಮೆ ಮಾಡದೆ ಬಿಟ್ಟಿದ್ದರಿಂದಾನಾ, ಇಲ್ಲ ಆ ನೆಲದಲ್ಲಿ ಮೊದಲಿಂದಲೂ ಹಾಗೇ ಇತ್ತಾ ಅಂತ ಅವರ ಅನುಮಾನ. ಆಗ ಅಳೆದು ಪುಸ್ತಕದಲ್ಲಿ ಬರೆದಿಟ್ಟ ಅಂಕಿ ನಂಬಲ್ಲ, ಹೊಸದಾಗಿ ಅಳೆದು ತೋರಿಸು ಅಂತಾರೆ. ಶುಕ್ರವಾರದೊಳಗೆ ಉತ್ತರ ಕೊಟ್ರೆ ತಾಕು ಉಳಿಯುತ್ತೆ, ಇಲ್ಲಾಂದ್ರೆ ಹೋಯ್ತು. ಪುಣ್ಯಕ್ಕೆ ಮೊದಲನೇ ವರ್ಷದ ಮಣ್ಣಿದೆ. ಅದೊಂದೇ ಸಾಕ್ಷಿ." ಹೀಗೆನ್ನುತ್ತಾ ಅವಳು ಬಲಗಡೆಯ ಕಪಾಟಿನಿಂದ ಜಾಡಿ ಎತ್ತಿದಳು. ಅದು ಅವಳು ಎಣಿಸಿದ್ದಕ್ಕಿಂತ ಹಗುರಾಗಿತ್ತು.

ಇನ್ನೊಂದು ಎತ್ತಿದಳು, ಮತ್ತೊಂದು ಎತ್ತಿದಳು. ಹದಿನಾಲ್ಕೂ ಖಾಲಿ. ಕೊನೆಯದನ್ನು ಕೈಯಲ್ಲಿ ಹಿಡಿದು ಚೀಟಿಯನ್ನು ಬಹಳ ಹೊತ್ತು ನೋಡಿದಳು.

"ಮಾವ, ಈ ಗುಡಿಸು ಎಲ್ಲಿಂದ ಬಂತು?"

"ನಾನೇ ಹಾಕಿದ್ದು. ಬಿಟ್ಟುಹೋಗಿತ್ತು."

"ಬಿಟ್ಟುಹೋಗಿರಲಿಲ್ಲ ಮಾವ. ಅದು ಉಳದ ಮಣ್ಣು. ಉಳು, ಉತ್ತ, ಉಳದ. ಮಾಡದ ಕೆಲಸ, ಕೇಳದ ಮಾತು, ಉಳದ ಮಣ್ಣು."

ನಿಷೇಧ ಕೃದಂತ! ತಿದ್ದಪ್ಪನವರ ತಲೆಯೊಳಗೆ ಶಾಲೆಯ ವ್ಯಾಕರಣ ಪುಸ್ತಕ ತಾನಾಗಿ ತೆರೆದುಕೊಂಡಿತು. ಉತ್ತ, ಅಂದರೆ ಉಳುಮೆಯಾದದ್ದು. ಉಳದ, ಅಂದರೆ ಆಗದ್ದು. ನಲವತ್ತು ವರ್ಷ ಲೋಕದ ವ್ಯಾಕರಣ ತಿದ್ದಿದ ಮನುಷ್ಯ ಒಂದು ಕ್ರಿಯಾಪದದ ಮುಂದೆ ಮಣ್ಣು ಮುಕ್ಕಿದ್ದರು. ಗುಡಿಸು ಹಾಕಿದ್ದು ಇವರು. ಅದನ್ನು ಓದಿ ಕಪಾಟನ್ನೇ ಗುಡಿಸಿಕೊಂಡು ಹೋದದ್ದು ಮಾಲಿ. ಮೂವತ್ತು ವರ್ಷದ ಮಣ್ಣು ಮಣ್ಣುಪಾಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಅವರು ಎಷ್ಟೋ ಪುಸ್ತಕಗಳಲ್ಲಿ ತಿದ್ದಿದ್ದರು. ತಾವೇ ದೊಣ್ಣೆಯಾಗುವೆವೆಂದು ಎಣಿಸಿರಲಿಲ್ಲ.

"ಮಾಲಿ ಕೇಳಿದ. ನಾನೇ ತಗೋ ಅಂದೆ," ಎಂದರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ. ಅದೂ ಒಂದು ಬಗೆಯ ಕಾಗುಣಿತದ ತಪ್ಪು.

ಸೊಸೆ ಬೈಯಲಿಲ್ಲ. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ಒರೆಸಿಕೊಂಡು, ಮತ್ತೊಮ್ಮೆ ತೊಳೆದುಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ತಿದ್ದಪ್ಪನವರಿಗೆ ಅನಿಸಿತು. ಈ ಮನೆಯಲ್ಲಿ 'ಹಾಗಾದ್ರೆ ಯಾವುದು ಸರಿ ಮಾವ?' ಎಂದು ಕೇಳುವ ಒಂದು ದನಿಯಿತ್ತು, ಅದನ್ನು ತನ್ನ ಕೈಯಾರೆ ಕಳೆದುಕೊಂಡೆ ಎಂದುಕೊಂಡರು. ಮಣ್ಣು ಹೋದದ್ದಕ್ಕಿಂತ ಅವರಿಗೆ ಅದೇ ದೊಡ್ಡ ದುಃಖ.

ಮಾಲಿ ಬೇವಿನ ಮರದ ಕೆಳಗೆ ಮಲಗಿದ್ದ. ಎಬ್ಬಿಸಿ ಕೇಳಿದರೆ, "ಎರಡನೇ ಸಾಲು ಓದೋ ಅಭ್ಯಾಸ ನಂಗಿಲ್ಲ ಮೇಡಂ," ಎಂದ.

"ಕುಂಡಗಳಲ್ಲಿ ಗಿಡ ನೆಟ್ಟಾಯ್ತಾ?"

"ಸಾಹೇಬ್ರ ಕುಂಡಕ್ಕೆ ನೆಟ್ಟಿದೀನಿ, ಅವರು ಬಿಡಬೇಕಲ್ಲ. ಮಿಕ್ಕ ಮೂರಕ್ಕೆ ನಾಳೆ."

"ನೀರು ಹಾಕಿದ್ರಾ?"

"ಗಿಡಾನೇ ಇಲ್ಲ, ನೀರು ಯಾಕೆ ದಂಡ?"

"ಮಣ್ಣು ಕಲಸಿದ್ರಾ?"

ಮಾಲಿಗೆ ಅವಮಾನವಾದಂತೆ ಕಂಡಿತು. "ಕಲಸೋದಾ! ಯಾಕೆ ಕಲಸ್ತಾರೆ? ಈ ತುದಿಯಿಂದ ಒಂದೊಂದೇ ಜಾಡಿ ಎತ್ತಿದೆ, ಬೋರಲು ಹಾಕಿದೆ, ಬಂದೆ. ಒಂದು ಕುಂಡಕ್ಕೆ ನಾಲ್ಕು. ಕೊನೇ ಎರಡು ಸಾಹೇಬ್ರಿಗೆ."

ಸೊಸೆ ಮಾಲಿಯ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಸೋಮಾರಿತನ ನೂರು ವರ್ಷ ಬಾಳ್ಲಿ," ಎಂದಳು. ತನ್ನ ಕೆಲಸಕ್ಕೆ ಮೊದಲ ಬಾರಿ ಮೆಚ್ಚುಗೆ ಪಡೆದ ಮಾಲಿ ಮತ್ತೆ ಮಲಗಿದ.

ಕುಂಡದೊಳಗೆ ಜಾಡಿಗಳು ಪದರ ಪದರವಾಗಿ ಕೂತಿದ್ದವು. ಮೊದಲು ಸುರಿದದ್ದು ತಳದಲ್ಲಿ, ಆಮೇಲಿನದು ಮೇಲೆ. ಆದರೆ ಮಣ್ಣಿಗೆ ಮಣ್ಣು ಒಂದೇ ಬಣ್ಣ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹೇಗೆ ತಿಳಿಯುವುದು? ಮಾವ ಸೊಸೆ ಇಬ್ಬರೂ ಮೊಗಸಾಲೆಯ ನೆಲದ ಮೇಲೆ ಕೂತು, ಮೊದಲ ಕುಂಡದಿಂದ ಚಮಚೆ ಚಮಚೆಯಾಗಿ ಮಣ್ಣು ತೆಗೆಯತೊಡಗಿದರು. ನಾಲ್ಕು ಬೆರಳು ಆಳದಲ್ಲಿ ಒಂದು ಕಾಗದದ ಚೂರು ಸಿಕ್ಕಿತು.

"ಅಯ್ಯೋ, ಒಳಚೀಟಿ!" ಎಂದು ಸೊಸೆ ಕೂಗಿದಳು. "ಹಿಂದೆ ಇದ್ದ ಮೇಡಂ ಜಾಡಿ ತುಂಬಿದ ಮೇಲೆ ಒಂದು ಚೀಟಿ ಬರೆದು ಒಳಗೂ ಹಾಕ್ತಿದ್ರು. ಹೊರಗಿನದು ಹೋದ್ರೂ ಇದಿರ್ಲಿ ಅಂತ. ಓದೋಕೆ ಮಾತ್ರ ಆಗಲ್ಲ."

ಪೆನ್ಸಿಲಿನ ಗುರುತು ಕಣ್ಣಿಗೆ ಕಂಡೂ ಕಾಣದಷ್ಟು ಮಾಸಿತ್ತು. ತಿದ್ದಪ್ಪನವರು ಚೀಟಿ ತೆಗೆದುಕೊಂಡು ಬೆಳಕಿಗೆ ಓರೆ ಹಿಡಿದರು. ಮಸಿ ಕಲಸಿದ ಕರಡು, ಹರಿದ ಕರಡು, ಅಳುತ್ತಾ ಬರೆದಂಥ ಕವಿಗಳ ಕರಡು, ಯಾವುದನ್ನು ಓದಿಲ್ಲ ಅವರು?

"ಉಳದ," ಎಂದು ನಿಧಾನವಾಗಿ ಓದಿದರು. ಗುಡಿಸು ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. "ಐದನೇ ವರ್ಷ. ಕೆಳಗಿನ ಪದರ."

"ಹಾಗಾದ್ರೆ ಇದರ ಕೆಳಗಿರೋದು ಐದನೇ ವರ್ಷದ ಕೆಳಪದರ," ಎಂದು ಸೊಸೆ ಚಮಚೆ ಎತ್ತಿದವಳು ತಟ್ಟನೆ ನಿಂತಳು. "ಅಲ್ಲ. ಚೀಟಿ ಜಾಡಿಯಲ್ಲಿ ಮೇಲಿತ್ತು. ಬೋರಲು ಹಾಕಿದಾಗ ಮೊದಲು ಬಿದ್ದಿದ್ದೇ ಚೀಟಿ. ಮಣ್ಣು ಅದರ ಮೇಲೆ ಬಿತ್ತು. ಈಗ ತೆಗೆದಿಟ್ಟೆವಲ್ಲ, ಅದೇ ಈ ಚೀಟೀದು."

"ಅಂದ್ರೆ ಇದು ತಲೆಬರಹ ಅಲ್ಲ," ಎಂದರು ತಿದ್ದಪ್ಪನವರು. "ಅಡಿಟಿಪ್ಪಣಿ."

ಬೆಳಗಿನಿಂದ ಮೊದಲ ಸಲ ಸೊಸೆ ನಕ್ಕಳು. ಆ ನಗೆ ನೋಡಿ ಮುದುಕರ ಕಣ್ಣು ಮಂಜಾಯಿತು. ಕನ್ನಡಕಕ್ಕೆ ಧೂಳು ಬಿತ್ತೆಂದು ಸಬೂಬು ಹೇಳಿ ಒರೆಸಿಕೊಂಡರು.

ಎರಡು ದಿನ ಅದೇ ಕೆಲಸ. ಗಡಿಯ ಹತ್ತಿರದ ಒಂದೊಂದು ಬೆರಳು ಮಣ್ಣನ್ನು ಅನುಮಾನಕ್ಕೆಂದು ಬೇರೆ ಇಡುತ್ತಾ, ನಡುವಿನದನ್ನು ಮಾತ್ರ ಜಾಡಿಗೆ ತುಂಬಿದರು. ಮೊದಲ ಕುಂಡದ ತಳದಲ್ಲಿ, ಇಬ್ಬರನ್ನೂ ಕಾಯಿಸಿ ಕಾಯಿಸಿ, ಕೊನೆಗೆ ಮೊದಲನೇ ವರ್ಷದ ಎರಡೂ ಪದರ ಸಿಕ್ಕವು. ಮೂರನೇ ಕುಂಡ ಒಂದು ಕೂದಲೆಳೆಯಷ್ಟೂ ಅಲುಗದೆ ಸಿಕ್ಕಿತು. ಸಾಹೇಬರ ಕುಂಡದಲ್ಲಿದ್ದದ್ದು ಮೂವತ್ತನೇ ವರ್ಷದ್ದು, ಅಂದರೆ ಈ ವರ್ಷದ್ದೇ. ಅದನ್ನು ತಾಕಿಗೆ ಹೋಗಿ ಮತ್ತೆ ತಂದರಾಯಿತು. ಕೈ ಕೊಟ್ಟದ್ದು ಎರಡನೇ ಕುಂಡ. ಅದರ ಮೇಲರ್ಧವನ್ನು ಕೇಂದ್ರದ ಬೆಕ್ಕು ತನ್ನ ಖಾಸಗಿ ಕೆಲಸಕ್ಕೆಂದು ಕೆದಕಿ, ಕಲಸಿ, ಅಚ್ಚುಕಟ್ಟಾಗಿ ಮುಚ್ಚಿತ್ತು. ಹದಿನೈದನೇ ವರ್ಷದ ಎರಡು ಪದರವೂ ಒಂದಾಗಿಹೋಗಿದ್ದವು.

"ಇಡೀ ಕೇಂದ್ರದಲ್ಲಿ ಮನಸ್ಸಿಟ್ಟು ಉಳೋದು ಇದೊಂದೇ," ಎಂದಳು ಸೊಸೆ.

ಗುರುವಾರ ಮಧ್ಯಾಹ್ನ ಪರೀಕ್ಷೆ. ಮಣ್ಣನ್ನು ಔಷಧದ ನೀರಿನಲ್ಲಿ ಕಲಕಿ, ಸೋಸಿ, ಇನ್ನೊಂದು ಔಷಧದ ಹನಿ ಹಾಕಿದರೆ ನೀಲಿ ಬರುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಸೊಸೆ ಗಾಜಿನ ನಳಿಕೆಗಳನ್ನು ಸಾಲಾಗಿ ನಿಲ್ಲಿಸಿದಳು. ಮೊದಲನೇ ವರ್ಷದ ಮೇಲಿನ ಪದರ, ಕೆಳಗಿನ ಪದರ ಎರಡೂ ಒಂದೇ ತೆಳು ನೀಲಿ, ಅವಳಿಜವಳಿ. ಐದನೇ ವರ್ಷಕ್ಕೆ ಮೇಲಿನದು ತುಸು ದಟ್ಟ. ಹತ್ತಕ್ಕೆ ಇನ್ನೂ ದಟ್ಟ. ಇಪ್ಪತ್ತೈದು, ಮೂವತ್ತರ ಹೊತ್ತಿಗೆ ಮೇಲಿನ ಪದರ ಶಾಯಿಯ ಹಾಗೆ, ಕೆಳಗಿನದು ಹಿಂದಿಗಿಂತಲೂ ಪೇಲವ. ಎದುರಿನ ಸಾಲಿನಲ್ಲಿ ಉತ್ತ ಮಣ್ಣಿನ ನಳಿಕೆಗಳು. ಅಲ್ಲಿ ಮೂವತ್ತು ವರ್ಷವೂ ಮೇಲೆ ಕೆಳಗೆ ಎಂಬ ಭೇದವಿಲ್ಲ. ಹದಿನೈದರ ಜಾಗದಲ್ಲಿ ಮಾತ್ರ ಸೊಸೆ ಎರಡು ಖಾಲಿ ನಳಿಕೆ ನಿಲ್ಲಿಸಿದ್ದಳು.

ಪುಸ್ತಕದ ಹಳೆಯ ಅಂಕಿಗಳಿಗೂ ಇದಕ್ಕೂ ತಾಳೆಯಾಯಿತು. ತಿದ್ದಪ್ಪನವರು ಆ ನೀಲಿ ಸಾಲನ್ನು ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ಓದಿದರು. ಯಾರೂ ಕೈಹಾಕದೆ ಬಿಟ್ಟದ್ದರಿಂದ ನೆಲ ತಾನೇ ಬರೆದುಕೊಂಡದ್ದು ಅದು. ಒಂದು ಕಡೆಯೂ ಕೆಂಪು ಪೆನ್ನು ಬೇಕೆನಿಸಲಿಲ್ಲ.

ಶುಕ್ರವಾರ ಬೆಳಗ್ಗೆ ಸಾಹೇಬರು ನಳಿಕೆ ನೋಡಿದರು, ಖಾಲಿ ಎರಡರ ಕಥೆ ಕೇಳಿ ಬೆಕ್ಕನ್ನು ಬೈದರು, ತಾಕುಗಳನ್ನು ಇನ್ನು ಹತ್ತು ವರ್ಷ ಮುಟ್ಟಬಾರದೆಂದು ಸಹಿ ಹಾಕಿದರು. ತಮ್ಮ ಕಿಟಕಿಯ ಗಿಡ ಇಷ್ಟು ಸೊಂಪಾಗಿ ಬೆಳೆದದ್ದು ತಮ್ಮ ಆರೈಕೆಯಿಂದ ಎಂದೂ ಹೇಳಿದರು. ಮೂವತ್ತು ವರ್ಷದ ಶ್ರೀಮಂತ ಮಣ್ಣಿನ ಸುದ್ದಿಯನ್ನು ಅವರಿಗೆ ಯಾರೂ ಹೇಳಲಿಲ್ಲ.

ಸಂಜೆ ಸೊಸೆ ಉಗ್ರಾಣಕ್ಕೆ ಬಂದಾಗ ತಿದ್ದಪ್ಪನವರು ಮೇಜಿನ ಮೇಲೆ ಹೊಸ ಚೀಟಿಗಳನ್ನು ಬರೆದಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಅವಳ ಕೈಗೆ ಒಂದು ಮಡಿಸಿದ ಕಾಗದ ಕೊಟ್ಟು, ಮುಖ ಬೇರೆ ಕಡೆ ತಿರುಗಿಸಿದರು.

ಅವಳು ಓದಿದಳು. ಹುಬ್ಬು ಮೇಲೇರಿತು. "ಮಾವ, ಇದರಲ್ಲೊಂದು ತಪ್ಪಿದೆ."

"ತಪ್ಪಾ? ನನ್ನ ಬರಹದಲ್ಲಾ?" ಅವರು ಕಾಗದ ಕಸಿದುಕೊಂಡು ಕನ್ನಡಕ ಏರಿಸಿದರು. ಒಂದೇ ಸಾಲು ಅದರಲ್ಲಿತ್ತು: 'ಇಷ್ಟೆಲ್ಲ ಆದಮೇಲೆ ನಾನು ಇನ್ನು ಈ ಉಗ್ರಾಣದಲ್ಲಿ ಉಳಲಾರೆ.' ಗುಡಿಸೂ ಇಲ್ಲ, ಯಕಾರವೂ ಇಲ್ಲ. ಉಳಿಯಲಾರೆ ಎನ್ನಲು ಹೋಗಿ, ನೇಗಿಲು ಹೂಡಲಾರೆ ಎಂದು ಬರೆದುಬಿಟ್ಟಿದ್ದರು.

"ಉಗ್ರಾಣದಲ್ಲಿ ಉಳೋಕೆ ನಿಮ್ಮನ್ನ ಯಾರು ಕರೆದ್ರು ಮಾವ?" ಎಂದಳು ಸೊಸೆ. "ಉಳಬೇಡಿ. ಉಳ್ಕೊಳ್ಳಿ, ಅಷ್ಟೇ ಸಾಕು."

ತಿದ್ದಪ್ಪನವರ ಹೆಗಲಿನಿಂದ ಚೀಲ ಇಳಿಯಿತು.

ಕಪಾಟಿನಲ್ಲಿ ಹದಿನೈದನೇ ವರ್ಷದ ಒಂದು ಜಾಡಿ ಖಾಲಿ ಕೂತಿತ್ತು, ಇನ್ನೊಂದರಲ್ಲಿ ಬೆಕ್ಕು ಕಲಸಿ, ಚೆಲ್ಲಿ ಮಿಕ್ಕ ಮಣ್ಣನ್ನು ಹಾಕಿಟ್ಟಿದ್ದರು. ಯಾವ ಪದರಕ್ಕೂ ಸೇರದ ಮಣ್ಣು. ಸೊಸೆ ಆ ಕಾಗದವನ್ನು ಮಡಿಸಿ ಅದರೊಳಗೆ ಒಳಚೀಟಿಯಾಗಿ ಹಾಕಿ ಮುಚ್ಚಳ ತಿರುಗಿಸಿದಳು.

"ಇದಕ್ಕೆ ಹೊರಗೆ ಏನಂತ ಬರೆಯೋದು? ಯಾವುದು ಸರಿ ಮಾವ?"

ತಿದ್ದಪ್ಪನವರು ಕೂತು, ಚೀಟಿ ಮುಂದಿಟ್ಟುಕೊಂಡು, ಬಹಳ ಯೋಚಿಸಿ 'ಉಳಿದ ಮಣ್ಣು' ಎಂದು ಬರೆದರು. ಸೊಸೆ ಓದಿ, ಗುಡಿಸು ಸರಿಯಾಗಿದೆ ಎಂದಳು.